ಮೊದಲ ರೊಟ್ಟಿ

ಕುರುಗೋಡಿನಲ್ಲಿ ಗುಡ್ಡದ ಬುಡದ ಆ ಓಣಿಯಲ್ಲಿ ನಾಯಿಗೆ ‘ಹಚಾ’ ಎನ್ನದ ಮನೆ ಹಂಪಮ್ಮನದೊಂದೇ. ಅವರದು ಮೈಲಾರಲಿಂಗನ ಒಕ್ಕಲು, ನಾಯಿ ಆ ದೇವರ ಪರಿವಾರ. ಎಲ್ಲ ಒಕ್ಕಲಿನವರೂ ಇಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ, ಈ ಮನೆಗೆ ಒಂದು ಹರಕೆ ಇತ್ತು. ಓಬಳೇಶನ ನಂತರ ಹುಟ್ಟಿದ ಎರಡು ಕೂಸುಗಳು ಹಂಪಮ್ಮನ ಕೈ ಬಿಟ್ಟು ಹೋದವು. ಆಮೇಲೆ ಹುಟ್ಟಿದ ಶೀಲಾ ಕೂಡ ಎದೆಹಾಲು ಬಿಟ್ಟು ಬಾಡತೊಡಗಿದಾಗ ಗಂಡ ಹೆಂಡತಿ ದೇವರ ಮುಂದೆ ಸೆರಗೊಡ್ಡಿದ್ದರು. ಈ ಮಗಳು ಬದುಕಿರುವ ತನಕ ಹಂಚಿನ ಮೇಲಿನ ಮೊದಲ ರೊಟ್ಟಿ ನಾಯಿಗೆ, ಈ ಮನೆಯವರ ಕೈ ಯಾವ ನಾಯಿಯ ಮೇಲೂ ಏಳುವುದಿಲ್ಲ. ಶೀಲಾ ಉಳಿದಳು.

ಓಬಳೇಶನ ಹೆಂಡತಿಯಾಗಿ ಜ್ಯೋತಿಲಕ್ಷ್ಮಿ ಈ ಮನೆಗೆ ಬಂದದ್ದು ಸಿರುಗುಪ್ಪದ ಕಡೆಯ ಕರೂರಿನಿಂದ. ಭತ್ತದ ಊರು ಅದು. ಕಣದಲ್ಲಿ ಹರವಿದ ಭತ್ತದ ಪಕ್ಕ ಕೋಲು ಹಿಡಿದು ಕೂತು ಕೋಳಿ, ಆಡು, ನಾಯಿಗಳನ್ನು ಅಟ್ಟುವುದು ಚಿಕ್ಕಂದಿನಲ್ಲಿ ಅವಳ ಕೆಲಸ. ಅವಳ ಗುರಿಗೆ ಅಣ್ಣಂದಿರೂ ಹೆದರುತ್ತಿದ್ದರು. ಹೊಸ ಸೊಸೆಯಾಗಿದ್ದಾಗ ಅಡುಗೆಮನೆಗೆ ಮೂತಿ ತೂರಿಸಿದ ಬೀದಿನಾಯಿಯೊಂದಕ್ಕೆ ಅದೇ ಗುರಿಯಿಂದ ಸೌದೆ ಬೀಸಿ ಒಗೆದಳು. ಪಕ್ಕೆಗೆ ಬಿತ್ತು. ಹಂಪಮ್ಮ ಬೈಯಲಿಲ್ಲ. ಭಂಡಾರದ ಬಟ್ಟಲು ಹಿಡಿದು ಹೊರಗೆ ಹೋಗಿ, ಓಣಿಯ ತುದಿಯಲ್ಲಿ ಆ ನಾಯಿಯನ್ನು ಹುಡುಕಿ, ಅದರ ಹಣೆಗೆ ಆ ಅರಿಶಿನ ಹಚ್ಚಿ, ಮುಂಗಾಲು ಮುಟ್ಟಿ ನಮಸ್ಕರಿಸಿ ಬಂದಳು.

“ನಿನಗ ಗೊತ್ತಿರಲಿಲ್ಲವ್ವ. ಇನ್ನ ಮ್ಯಾಲೆ ಕೈ ಎತ್ತಬ್ಯಾಡ” ಎಂದಷ್ಟೇ ಹೇಳಿದಳು.

ಬೈದಿದ್ದರೆ ಒಂದೆರಡು ದಿನಕ್ಕೆ ಮರೆತುಹೋಗುತ್ತಿತ್ತು. ಅತ್ತೆ ನಾಯಿಯ ಕಾಲು ಮುಟ್ಟಿದ್ದನ್ನು ಕಂಡ ಮೇಲೆ ಜ್ಯೋತಿಲಕ್ಷ್ಮಿಯ ಕೈ ನಾಯಿಯ ಕಡೆ ಏಳಲು ಹೋಗಿ, ಅರ್ಧಕ್ಕೇ ತಿರುಗಿ ಸೆರಗು ಸರಿಮಾಡಿಕೊಳ್ಳುವುದನ್ನು ಕಲಿಯಿತು. ನಮ್ಮ ಮನೆಯಲ್ಲಿ ನಾಯಿಗೆ ಇರುವ ಮರ್ಯಾದೆ ನನಗಿಲ್ಲ ಎಂದು ಓಬಳೇಶ ನಗೆಯಾಡುತ್ತಿದ್ದ.

ಶೀಲಾ ಓದಿ ಬಳ್ಳಾರಿಯಲ್ಲಿ ಟೀಚರಾದಳು. ಮದುವೆ ಒಲ್ಲೆನೆಂದು ಅಲ್ಲೇ ಮನೆ ಮಾಡಿಕೊಂಡು, ಗುಬ್ಬಿ ಎಂಬ ಪುಟ್ಟ ಬಿಳಿ ನಾಯಿ ಸಾಕಿಕೊಂಡು ಇದ್ದಳು. ಕಾಯಿಲೆ ಬಿದ್ದು, ಅದು ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದ ಮೇಲೆ ಜ್ಯೋತಿಲಕ್ಷ್ಮಿಯೇ ಹೋಗಿ ನಿಂತಳು. ನಾದಿನಿಯ ಹಾಸಿಗೆ ಬದಲಿಸಿದ್ದು, ಕೂದಲು ಉದುರಿದ ತಲೆಗೆ ಎಣ್ಣೆ ಹಚ್ಚಿದ್ದು, ಕಡೆಗೆ ಕಣ್ಣು ಮುಚ್ಚಿದ್ದು, ಎಲ್ಲ ಅವಳೇ. ಆ ಹೊತ್ತಿಗೆ ಹಂಪಮ್ಮ ಕುರುಗೋಡಿನಲ್ಲಿದ್ದಳು.

ಮಣ್ಣು ಮುಗಿದ ಮೇಲೆ ಓಬಳೇಶ ಗುಬ್ಬಿಯನ್ನು ಚೀಲದಲ್ಲಿ ಕೂರಿಸಿಕೊಂಡು ಬಂದ. ಹಂಪಮ್ಮ ಮಗಳ ಸಾವಿನ ಮಾತನ್ನೇ ಆಡಲಿಲ್ಲ. ಕಡೆಗೆ ಏನಾಯಿತು, ಏನಂದಳು ಎಂದು ಕೇಳಲೂ ಇಲ್ಲ. ಮಾತು ಬಂದರೆ “ಶೀಲಾ ಬಳ್ಳಾರ್ಯಾಗ ಇದ್ದಾಗ” ಎನ್ನುತ್ತಿದ್ದಳು, ಮಗಳಿಗೆ ಬೇರೆ ಊರಿಗೆ ವರ್ಗವಾಗಿದೆಯೇನೋ ಎಂಬಂತೆ. ಮೊದಲ ರೊಟ್ಟಿ ಮಾತ್ರ ದಿನಾ ಬೆಳಿಗ್ಗೆ ಹೊಸ್ತಿಲಾಚೆಯ ಕಲ್ಲಿನ ಮೇಲೆ ಬೀಳುತ್ತಲೇ ಇತ್ತು. ಅದು ಈಗ ಯಾರ ಹೆಸರಿನಲ್ಲಿ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಗುಬ್ಬಿ ಬಂದ ಮರುದಿನವೇ ಬೆಳಕು ಹರಿಯುವ ಹೊತ್ತಿಗೆ ಬಾಗಿಲ ಬಳಿ ಹೋಗಿ ನಿಂತು ಗೊರಗೊರ ಅಂದಿತು. ಶೀಲಾ ಆ ಹೊತ್ತಿಗೆ ಅದನ್ನು ತಿರುಗಾಡಿಸುತ್ತಿದ್ದಳು. ಸಂತೆ, ಗುಡಿ, ಹೊಲ ಬಿಟ್ಟು ಸುಮ್ಮನೆ ಎಲ್ಲಿಗೂ ನಡೆದವಳಲ್ಲದ ಹಂಪಮ್ಮ ಅದರ ಹಗ್ಗ ಹಿಡಿದು ಹೊರಟಳು. ಎದುರು ಮನೆಯ ಮಾರೆಣ್ಣ ಬೇವಿನ ಕಡ್ಡಿ ಜಗಿಯುತ್ತಾ ಕೂತಿದ್ದವನು, “ಏನವ್ವಾ ಹಂಪಮ್ಮ, ವಾಕಿಂಗ್ ಹೊಂಟಿಯಾ? ಷುಗರ್ ಬಂತೇನು?” ಎಂದ.

“ನನಗಲ್ಲಪ್ಪ, ಇದಕ್ಕ.”

ಕಾಲುವೆಯ ಏರಿಯವರೆಗೆ ಹೋಗಿ ಬರುವುದು ರೂಢಿಯಾಯಿತು. ಒಂದು ದಿನ ಜ್ಯೋತಿಲಕ್ಷ್ಮಿ ಹಿಂದಿನಿಂದ ನಡೆಯುತ್ತಿದ್ದಾಗ ಅತ್ತೆಯ ದನಿ ಕೇಳಿಸಿತು. ಈ ಸಲ ಕಾಲುವೆಗೆ ನೀರು ತಡವಾಗಿ ಬಿಟ್ಟಿದ್ದಾರೆ, ಮೊಮ್ಮಗಳು ಮೌನಿಕಾ ಪರೀಕ್ಷೆಗೆ ಸರಿಯಾಗಿ ಓದುತ್ತಿಲ್ಲ, ಮೊಣಕಾಲು ನೋಯುತ್ತದೆ ಆದರೂ ಯಾರಿಗೂ ಹೇಳಿಲ್ಲ. ನಾಯಿಯ ಜೊತೆ ಆಡುವ ದನಿಯಾಗಿರಲಿಲ್ಲ ಅದು. ಭಾನುವಾರಗಳಲ್ಲಿ ಫೋನಿನ ಆಚೆ ಶೀಲಾ ಇದ್ದಾಗ ಹಂಪಮ್ಮ ಹೀಗೆಯೇ, ಇದೇ ದನಿಯಲ್ಲಿ ಮಾತಾಡುತ್ತಿದ್ದಳು. ಜ್ಯೋತಿಲಕ್ಷ್ಮಿ ಅಲ್ಲಿಯೇ ನಿಂತುಬಿಟ್ಟಳು. ಈ ಬೊಗಸೆಯಷ್ಟು ಜೀವಕ್ಕೆ ಏನಾದರೂ ಆದರೆ ಈ ಮುದುಕಿ ಉಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿದ್ದು ಆವತ್ತು.

ಏನಾದರೂ ಆಗುವುದಿದ್ದರೆ ಅದು ಓಣಿಯ ನಾಯಿ ಕರಿಯನಿಂದ. ಅವನು ಹುಟ್ಟಿದ್ದು ಮಾರೆಣ್ಣನ ದನದ ಕೊಟ್ಟಿಗೆಯಲ್ಲಿ, ಬೆಳೆದದ್ದು ಹಂಪಮ್ಮನ ರೊಟ್ಟಿಯಲ್ಲಿ. ಈಗ ಎಳೆಗರುವಿನಷ್ಟು ಎತ್ತರವಾಗಿದ್ದ. ಓಣಿಗೆ ಹೊಸಬರು ಬಂದರೆ ಅವನ ಅಪ್ಪಣೆ ಬೇಕಿತ್ತು. ಬೆಳಿಗ್ಗೆ ರೊಟ್ಟಿ ಬೇಯುವ ವಾಸನೆಗೆ ಬಂದು ಕಲ್ಲಿನ ಮುಂದೆ ಕೂರುತ್ತಿದ್ದ. ಒಂದು ಮುಂಜಾನೆ ತಿರುಗಾಡಿ ಬಂದ ಗುಬ್ಬಿ ಅದೇ ಕಲ್ಲನ್ನು ಮೂಸಲು ಹೋದದ್ದೇ ತಡ, ಕರಿಯ ಅದನ್ನು ನೆಲಕ್ಕೆ ಒತ್ತಿ ಹಿಡಿದ. ಹಂಪಮ್ಮ ಗಾಬರಿಯಾಗಿ ಗುಬ್ಬಿಯನ್ನು ಬಾಚಿ ಎದೆಗೆ ಎತ್ತಿಕೊಂಡಳು. ಕರಿಯ ಅವಳ ಎದೆಯವರೆಗೆ ನೆಗೆದ. ಸೆರಗು ಹರಿಯಿತು. ಅಷ್ಟರಲ್ಲಿ ಜ್ಯೋತಿಲಕ್ಷ್ಮಿ ಒಳಗಿನಿಂದ ರೊಟ್ಟಿ ತಂದು ದೂರಕ್ಕೆ ಎಸೆದಿದ್ದರಿಂದ ಆವತ್ತಿಗೆ ಮುಗಿಯಿತು. ಹಂಪಮ್ಮ ಆಟವಾಡಿತು ಬಿಡು ಎಂದಳು.

ಜ್ಯೋತಿಲಕ್ಷ್ಮಿ ಮಾರೆಣ್ಣನ ಕಟ್ಟೆಗೆ ಹೋಗಿ ನಾಯಿಯನ್ನು ಬೆಳಗಿನ ಹೊತ್ತಾದರೂ ಕಟ್ಟಿಹಾಕಿ ಎಂದು ಕೇಳಿದಳು.

“ನಾನು ಹೆಂಗ ಕಟ್ಟಲವ್ವ?” ಎಂದು ಅವನು ನಕ್ಕ. “ನನ್ನ ಕೊಟ್ಟಿಗ್ಯಾಗ ಬರೇ ಮಕ್ಕಂತೈತಿ. ಉಣ್ಣೋದು ನಿಮ್ಮ ಮನ್ಯಾಗ, ಕಾಯೋದು ನಿಮ್ಮ ಹೊಸ್ತಿಲ. ನಿಮ್ಮ ಅತ್ತೀನ ಕೇಳು ಹೋಗು, ಅದು ಆಕೀ ಮಗ.”

ಬಳ್ಳಾರಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ಮೌನಿಕಾಗೆ ಫೋನಿನಲ್ಲಿ ಇದನ್ನು ಹೇಳಿಕೊಂಡಾಗ ಅವಳು ತನಗೆ ಗೊತ್ತಿದ್ದದ್ದನ್ನೆಲ್ಲ ಒದರಿದಳು. ದೊಡ್ಡ ನಾಯಿ ಬಂದಾಗ ಸಣ್ಣದನ್ನು ಎತ್ತಿಕೊಳ್ಳಬಾರದು, ಎತ್ತಿದರೆ ಅದು ನೆಗೆಯುತ್ತದೆ. ಓಡಬಾರದು. ಹಗ್ಗ ಗಿಡ್ಡ ಹಿಡಿದು ಎರಡರ ನಡುವೆ ನಾವು ನಿಲ್ಲಬೇಕು. ಕೈಯಲ್ಲಿ ಛತ್ರಿ ಇದ್ದರೆ ಅದರ ಮುಖದ ಮುಂದೆ ಪಟ್ಟನೆ ಬಿಚ್ಚಬೇಕು.

“ಹೊಡದಂಗ ಆಗಂಗಿಲ್ಲಾ?” ಎಂದಳು ಜ್ಯೋತಿಲಕ್ಷ್ಮಿ.

“ಅಜ್ಜೀ ಹರಕಿ ಛತ್ರಿಗೆ ಹತ್ತಂಗಿಲ್ಲ ಬಿಡವ್ವ” ಎಂದು ಮೌನಿಕಾ ನಕ್ಕಳು.

ಅಂದಿನಿಂದ ಜ್ಯೋತಿಲಕ್ಷ್ಮಿ ಅತ್ತೆಯ ಜೊತೆ ಹೊರಟಳು. ಮಳೆಯಿಲ್ಲ, ಬಿಸಿಲು ಇನ್ನೂ ಹುಟ್ಟಿಲ್ಲ, ಬಗಲಲ್ಲಿ ಕರಿ ಛತ್ರಿ. ಅತ್ತೆಯ ಕೈಯಲ್ಲಿ ನಾಯಿ, ಸೊಸೆಯ ಕೈಯಲ್ಲಿ ಛತ್ರಿ, ದಿಬ್ಬಣ ಹೊರಟಿತು ನೋಡಿರಿ ಎಂದು ಮಾರೆಣ್ಣ ಓಣಿಗೆಲ್ಲ ಕೇಳುವಂತೆ ಅಂದ. ಛತ್ರಿ ಕೆಲಸ ಮಾಡಿತು. ಬಿಚ್ಚಿದ ಸದ್ದಿಗೆ ಕರಿಯ ಬೆದರಿ ಹಿಂದೆ ಸರಿಯುತ್ತಿದ್ದ. ಆದರೆ ಅವನ ಕಣ್ಣು ಛತ್ರಿಯ ಮೇಲೆ ಇರುತ್ತಿರಲಿಲ್ಲ, ಹೊಸ್ತಿಲಾಚೆಯ ಆ ಕಲ್ಲಿನ ಮೇಲಿರುತ್ತಿತ್ತು. ಜಗಳ ಇರುವುದು ರೊಟ್ಟಿಯದು ಎಂದು ಕಣದ ಪಕ್ಕ ಬೆಳೆದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಂದು ಬೆಳಿಗ್ಗೆ, ಅತ್ತೆ ಹಿಟ್ಟು ನಾದುವಾಗ, ಕೇಳಿದಳು. “ಅತ್ತಿ, ಸ್ವಲ್ಪ ದಿನ ನಾಯಿಗೆ ರೊಟ್ಟಿ ಹಾಕಾದು ಬಿಡೋಣೇನ್ರಿ?”

ಹಂಪಮ್ಮನ ಕೈ ಹಿಟ್ಟಿನಲ್ಲಿ ನಿಂತಿತು.

“ಶೀಲಾನ ಹೆಸರಿಂದು ಅದು. ಬಿಟ್ಟರ ಆಕೀಗೆ ಏನರ ಆದ್ರ?”

ಮುದುಕಿಯ ಮುಖದಲ್ಲಿ ನಿಜವಾದ ಭಯ ಇತ್ತು. ಆಗಬೇಕಾದದ್ದೆಲ್ಲ ಆಗಿ ಹೋಗಿ ವರ್ಷ ಕಳೆದಿದೆ, ಆಗಲು ಇನ್ನೇನೂ ಉಳಿದಿಲ್ಲ ಎಂದು ಜ್ಯೋತಿಲಕ್ಷ್ಮಿಯ ಬಾಯಿಗೆ ಬಂದಿತ್ತು. ಒಲೆಯ ಕಡೆ ತಿರುಗಿ ಹಂಚು ಸರಿಮಾಡಿದಳು. ಆಮೇಲೆ ಬೇರೆ ದಾರಿ ಹೇಳಿದಳು. ರೊಟ್ಟಿ ಮೊದಲೇ ಬೇಯಲಿ, ಆದರೆ ಮುಚ್ಚಿಟ್ಟಿರಲಿ. ತಿರುಗಾಡಿ ಬಂದು, ಗುಬ್ಬಿ ಒಳಗೆ ಸೇರಿ, ಬಾಗಿಲು ಹಾಕಿದ ಮೇಲೆ ಕಲ್ಲಿಗೆ ಇಡೋಣ. ಹಂಪಮ್ಮ ಒಪ್ಪಿದಳು. ಕರಿಯನೂ ಒಪ್ಪಿದನೇನೋ. ಕಲ್ಲಿನ ಮೇಲೆ ಏನೂ ಇಲ್ಲದಾಗ ಗುಬ್ಬಿ ಪಕ್ಕದಲ್ಲೇ ಹಾದರೂ ಕಿವಿ ಅಲ್ಲಾಡಿಸುತ್ತಿರಲಿಲ್ಲ. ಮುಂದಿನ ತಿಂಗಳುಗಳು ಹಾಗೆಯೇ ಕಳೆದವು. ಜ್ಯೋತಿಲಕ್ಷ್ಮಿಗೆ ಆ ನಡಿಗೆ ಹಿಡಿಸತೊಡಗಿತು. ಅತ್ತೆ ನಾಯಿಯ ಜೊತೆ ಮಾತಾಡುವಾಗ ನಡುನಡುವೆ ಇವಳ ಕಡೆಗೂ ತಿರುಗಿ ‘ಹೌದಿಲ್ಲೇನು?’ ಎಂದು ಕೇಳುವಷ್ಟು ಸಲಿಗೆ ಬಂದಿತ್ತು. ಅತ್ತೆ ಸೊಸೆ ಇಷ್ಟು ಮಾತಾಡಿದ್ದು ಅಷ್ಟೂ ವರ್ಷಗಳ ಸಂಸಾರದಲ್ಲಿ ಇರಲಿಲ್ಲ.

ಇದೆಲ್ಲ ಹೆಂಗಸರ ನಡುವಿನ ಏರ್ಪಾಟು. ಓಬಳೇಶನಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದೆಂದಲ್ಲ, ಅವನು ಆ ಹೊತ್ತಿಗೆ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಅವನ ಕೆಲಸ, ರಾತ್ರಿ ಪಾಳಿ ಮುಗಿಸಿ ಬರುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ದೀಪಾವಳಿ ಕಳೆದು ಚಳಿ ಹತ್ತಿದ ಒಂದು ಭಾನುವಾರ ಮಾತ್ರ ಪಾಳಿಯ ಬಸ್ಸಿಗೆ ಕಾಯದೆ ಯಾರದೋ ಗಾಡಿ ಹತ್ತಿ ಬೇಗ ಬಂದ. ಮನೆಯಲ್ಲಿ ಹೆಂಗಸರಿಲ್ಲ. ಬಾಗಿಲಲ್ಲಿ ಕರಿಯ ಕೂತು ಕುಂಯ್‌ಗುಡುತ್ತಿದ್ದಾನೆ. ಒಳಗೆ ಬುಟ್ಟಿಯ ಕೆಳಗೆ ರೊಟ್ಟಿ ಇದೆ. ಅವ್ವ ಇದನ್ನು ಮರೆತು ಹೋಗಿದ್ದಾಳೆ, ಹರಕೆ ತಪ್ಪಿದರೆ ದಿನವೆಲ್ಲ ಕೊರಗುತ್ತಾಳೆ ಎಂದುಕೊಂಡು, ಅವಳು ಮಾಡುವ ಹಾಗೆಯೇ ರೊಟ್ಟಿಯ ಮೇಲೆ ಒಂದಿಷ್ಟು ಹಾಲು ಸುರಿದು ಕಲ್ಲಿನ ಮೇಲಿಟ್ಟ. ಕೈಮುಗಿದು, ಕಾಲು ತೊಳೆಯಲು ಹಿತ್ತಲಿಗೆ ಹೋದ.

ಅದೇ ಹೊತ್ತಿಗೆ ಗುಬ್ಬಿ ಓಣಿಯ ತಿರುವಿನಲ್ಲಿ ಬಂತು. ಮನೆ ಕಂಡರೆ ಅದು ಓಡುತ್ತಿತ್ತು, ಹಂಪಮ್ಮ ಹಗ್ಗ ಬಿಟ್ಟುಬಿಡುತ್ತಿದ್ದಳು. ಆವತ್ತೂ ಬಿಟ್ಟಳು.

ಕರಿಯ ರೊಟ್ಟಿಯಿಂದ ತಲೆ ಎತ್ತಿದ್ದನ್ನು ಜ್ಯೋತಿಲಕ್ಷ್ಮಿ ದೂರದಿಂದಲೇ ಕಂಡಳು. ಓಡಿದಳು. ಅವಳು ತಲುಪಿ ಛತ್ರಿ ಬಿಚ್ಚುವಷ್ಟರಲ್ಲಿ ಗುಬ್ಬಿಯ ಕುತ್ತಿಗೆ ಕರಿಯನ ಬಾಯಲ್ಲಿತ್ತು. ಬಿಚ್ಚಿದ ಛತ್ರಿಗೆ ಅವನು ಈಗ ಬೆದರಲಿಲ್ಲ. ಅವಳು ಅದನ್ನು ಮಡಚಿ, ತುದಿ ಹಿಡಿದು, ಹಿಡಿಕೆಯ ಕಡೆಯಿಂದ ಮೇಲೆತ್ತಿದಳು. ಕರೂರಿನ ಕಣದ ಕೈ ಅದು, ಒಂದೇ ಏಟು ಸಾಕಾಗುತ್ತಿತ್ತು.

ಮಣಿಕಟ್ಟನ್ನು ಯಾರೋ ಹಿಡಿದರು. ಹಂಪಮ್ಮ.

ಬೇಕೆಂದು ಹಿಡಿದದ್ದಲ್ಲ ಎಂಬುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಎದುರಿನಲ್ಲಿ ಗುಬ್ಬಿಯನ್ನು ನೋಡುತ್ತಾ ಬಾಯಿ ತೆರೆದು ನಿಂತಿದ್ದಳು, ಕೈ ಮಾತ್ರ ಅಷ್ಟೂ ವರ್ಷ ಕಲಿತದ್ದನ್ನು ಮಾಡಿತ್ತು. ಆ ಹಿಡಿತದಲ್ಲಿ ಎಷ್ಟು ಹೊತ್ತು ಹೋಯಿತೋ. ಆಮೇಲೆ ಹಂಪಮ್ಮ ಕೈ ಬಿಟ್ಟು, ನೆಲಕ್ಕೆ ಬಿದ್ದು, ಕರಿಯನ ಬಾಯೊಳಗೆ ತನ್ನ ಎರಡೂ ಕೈ ತೂರಿಸಿ ದವಡೆ ಬಿಡಿಸತೊಡಗಿದಳು. ಜ್ಯೋತಿಲಕ್ಷ್ಮಿ ಹೊಡೆದಳು. ಛತ್ರಿ ಮುರಿಯುವವರೆಗೆ ಹೊಡೆದಳು. ಕರಿಯ ಕೂಗುತ್ತಾ ಕೊಟ್ಟಿಗೆಯ ಕಡೆ ಓಡಿದ. ಕಲ್ಲಿನ ಮೇಲೆ ರೊಟ್ಟಿ ಅರ್ಧ ಉಳಿದಿತ್ತು.

ಅತ್ತೆಯನ್ನು ಮಾರೆಣ್ಣ ಊರಿನ ದವಾಖಾನೆಗೆ ಕರೆದೊಯ್ದ. ಗುಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಜ್ಯೋತಿಲಕ್ಷ್ಮಿ ಗಂಡನ ಬೈಕಿನ ಹಿಂದೆ ಕೂತಳು. ಬಳ್ಳಾರಿಯಲ್ಲಿ ಶೀಲಾ ತೋರಿಸುತ್ತಿದ್ದ ನಾಯಿ ಡಾಕ್ಟರು ಇದ್ದರು. ಓಬಳೇಶ ಒಂದೇ ಸಮ ಬೈಕು ಓಡಿಸುತ್ತಾ ನಾನೇ ಇಟ್ಟೆ, ಮರೆತಿದ್ದಾಳೆ ಅಂದುಕೊಂಡು ನಾನೇ ಇಟ್ಟೆ ಎನ್ನುತ್ತಿದ್ದ. ಗಾಳಿಯಲ್ಲಿ ಅವನ ಮಾತು ಅರ್ಧ ಕೇಳುತ್ತಿತ್ತು. ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ. ಮಡಿಲಲ್ಲಿ ಬಿಸಿ ಒದ್ದೆ. ಅದರ ಎದೆ ಬೆರಳಿಗೆ ಬಡಿಯುತ್ತಿದ್ದದ್ದು ಮೆಲ್ಲಗಾಗುತ್ತಾ ಬಂದದ್ದನ್ನು ಅವಳು ಗುರುತಿಸಿದಳು. ಹೀಗೆ ಮೆಲ್ಲಗಾಗುವುದು ಅವಳಿಗೆ ಗೊತ್ತಿತ್ತು. ಬಳ್ಳಾರಿ ಇನ್ನೂ ದೂರ ಇರುವಾಗಲೇ ಗಂಡನ ಭುಜ ಮುಟ್ಟಿ, ನಿಲ್ಲಿಸಿರಿ ಎಂದಳು. ಅವನು ರಸ್ತೆಯ ಪಕ್ಕ ನಿಲ್ಲಿಸಿ, ತಿರುಗಿ ನೋಡಿ, ಹ್ಯಾಂಡಲ್ ಮೇಲೆ ತಲೆಯಿಟ್ಟ.

ಗುಡ್ಡದ ಬುಡದಲ್ಲೇ ಹೂಳಿದರು. ಹಂಪಮ್ಮ ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕಲ್ಲಿನಂತೆ ನಿಂತಿದ್ದಳು, ಅಳಲಿಲ್ಲ. ಸಂಜೆ ಮಾರೆಣ್ಣ ಬಂದು ಜಗಲಿಯ ಮೇಲೆ ಕೂತ. ಅವನ ಬಾಯಲ್ಲಿ ನಗೆ ಇರಲಿಲ್ಲ. ಓಣಿಯವರೆಲ್ಲ ಮಾತಾಡಿಕೊಂಡಿದ್ದಾರೆ, ಕರಿಯನನ್ನು ಗೋಣಿಯಲ್ಲಿ ಹಾಕಿಕೊಂಡು ಸಿರುಗುಪ್ಪದ ಆಚೆ ಹೊಳೆಯ ಕಡೆ ಬಿಟ್ಟು ಬರುತ್ತೇವೆ, ನೀನು ಒಂದು ಮಾತು ಹೇಳು ಎಂದ. ಎಲ್ಲರೂ ಹಂಪಮ್ಮನ ಬಾಯಿ ನೋಡಿದರು.

“ಅದಕ್ಕೇನು ಗೊತ್ತಪ್ಪ” ಎಂದಳು ಹಂಪಮ್ಮ. “ನಿಂದು ನಿಂದು ಅಂತ ದಿನಾ ನಾನ ಹಾಕಿದೆ. ಅದು ತನ್ನದು ಅಂದ್ಕಂತು. ಇರ್ಲಿ ಬಿಡು.”

ಮರುದಿನ ಬೆಳಿಗ್ಗೆ ಹಂಪಮ್ಮನಿಗೆ ಹಿಟ್ಟು ನಾದಲು ಕೈ ಇರಲಿಲ್ಲ. ಜ್ಯೋತಿಲಕ್ಷ್ಮಿ ಒಲೆಯ ಮುಂದೆ ಕೂತು ಮೊದಲ ರೊಟ್ಟಿ ಬಡಿದು ಬೇಯಿಸಿ, ಹೊರಗೆ ಒಯ್ಯಲು ಎದ್ದಳು. ಇಷ್ಟು ದಿನ ನಿಲ್ಲಿಸಬೇಕೆಂದು ಬಯಸಿದ್ದವಳು ಅವಳೇ. ಆದರೆ ಮುದುಕಿಗೆ ಇನ್ನು ಉಳಿದಿರುವುದು ಇದೊಂದೇ, ಇದನ್ನು ಕಸಿಯಬಾರದು ಎಂದು ರಾತ್ರಿಯೇ ನಿಶ್ಚಯಿಸಿದ್ದಳು. ಹೊರಗೆ ಕರಿಯ ಒಂದು ಕಾಲು ಎತ್ತಿಕೊಂಡು ಕುಂಟುತ್ತಾ ಬಂದು ಕೂತಿದ್ದ.

“ಒಯ್ಯಬ್ಯಾಡ” ಎಂದಳು ಹಂಪಮ್ಮ.

ಅವಳು ಬಾಗಿಲಿಗೆ ಎದುರಾಗಿ ಗೋಡೆಗೆ ಒರಗಿ ಕೂತಿದ್ದಳು. ಜ್ಯೋತಿಲಕ್ಷ್ಮಿ ರೊಟ್ಟಿ ಹಿಡಿದುಕೊಂಡೇ ನಿಂತಳು.

“ಶೀಲಾ ಇರೋ ತನಕ ಅಂತ ಹರಕಿ” ಎಂದಳು ಹಂಪಮ್ಮ. “ಶೀಲಾ ಸತ್ತು ಹೋದ್ಲು.”

ದಿನಸಿ ಮುಗಿದಿದೆ ಎಂದು ಹೇಳುವಷ್ಟು ಸಾದಾ ದನಿ. ಜ್ಯೋತಿಲಕ್ಷ್ಮಿ ರೊಟ್ಟಿಯನ್ನು ಬುಟ್ಟಿಯಲ್ಲಿ ಇಟ್ಟು ಬಂದು ಪಕ್ಕದಲ್ಲಿ ಕೂತಳು. ಬಾಗಿಲಾಚೆ ಕರಿಯ ಕಾದ. ಬಿಸಿಲು ಹೊಸ್ತಿಲಿಗೆ ಬಂತು. ಅವನು ಕಲ್ಲು ಮೂಸಿ, ಒಮ್ಮೆ ಒಳಗೆ ನೋಡಿ, ಎದ್ದು ಮಾರೆಣ್ಣನ ಕೊಟ್ಟಿಗೆಯ ಕಡೆ ಕುಂಟುತ್ತಾ ಹೋದ.

ಬ್ಯಾಂಡೇಜು ಬದಲಿಸುವ ಹೊತ್ತಾಗಿತ್ತು. ಜ್ಯೋತಿಲಕ್ಷ್ಮಿ ಬಿಸಿನೀರು ತಂದು ಅತ್ತೆಯ ಅಂಗೈ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಅಂಟಿದ ಬಟ್ಟೆಯನ್ನು ನೆನೆಸಿ ಬಿಡಿಸತೊಡಗಿದಳು. ಹಲ್ಲಿನ ಗಾಯಗಳು ಆಳವಾಗಿದ್ದವು. ಹಂಪಮ್ಮ ತನ್ನ ಕೈಯನ್ನೇ ನೋಡುತ್ತಿದ್ದಳು.

“ನಿನ್ನ ಕೈ ಹಿಡಿದ್ನಲ್ಲ ನಾನು.”

“ಹಿಡೀದಿದ್ರೂ ಉಳೀತಿರಲಿಲ್ಲತ್ತಿ. ಅಷ್ಟೊತ್ತಿಗೆ ಆಗಿ ಹೋಗಿತ್ತು.”

ಅದು ನಿಜವೋ ಸುಳ್ಳೋ ಜ್ಯೋತಿಲಕ್ಷ್ಮಿಗೆ ಗೊತ್ತಿರಲಿಲ್ಲ. ಹಂಪಮ್ಮನೂ ಅದನ್ನು ನಂಬಿದವಳಂತೆ ಕಾಣಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ. ಜ್ಯೋತಿಲಕ್ಷ್ಮಿ ಹೊಸ ಬಟ್ಟೆ ಸುತ್ತಿ ಗಂಟು ಹಾಕಿದಳು. ಆಮೇಲೆ ಹಂಪಮ್ಮ ಕೇಳಿದಳು.

“ಜ್ಯೋತಿ, ಕಡೀಕ ಆಕಿ ಏನರ ಅಂದ್ಲಾ?”

ಈ ಪ್ರಶ್ನೆ ಬರುತ್ತದೆಂದು ಬಳ್ಳಾರಿಯಿಂದ ಬಂದ ದಿನವೇ ಜ್ಯೋತಿಲಕ್ಷ್ಮಿ ಒಂದು ಉತ್ತರ ಸಿದ್ಧಮಾಡಿಕೊಂಡಿದ್ದಳು, ಅವ್ವನನ್ನು ನೆನೆಸಿಕೊಂಡಳು, ದೇವರ ಹೆಸರು ಹೇಳಿದಳು ಎಂಬಂಥದ್ದು. ಈಗ ಅದು ಬಾಯಿಗೆ ಬರಲಿಲ್ಲ.

“ನಿಮ್ಮನ್ನ ಕರೆಸ್ತೀವಿ ಅಂದ್ವಿ. ಬ್ಯಾಡ ಅಂದ್ಲು. ಅವ್ವಗ ಬಸ್ಸಿನ್ಯಾಗ ವಾಂತಿ ಆಗತೈತಿ, ಸುಮ್ನ ಯಾಕ ಅಂದ್ಲು. ಆಮ್ಯಾಲ ಏನೂ ಅನ್ನಲಿಲ್ಲತ್ತಿ.”

ಹಂಪಮ್ಮ ತಲೆಯಾಡಿಸಿದಳು. ಮತ್ತೆ ಆಡಿಸಿದಳು. ಬ್ಯಾಂಡೇಜಿನ ಕೈಗಳನ್ನು ಮುಖದವರೆಗೆ ಎತ್ತಿದಳು, ಕಣ್ಣು ಒರೆಸಲು ಬೆರಳುಗಳೇ ಇರಲಿಲ್ಲ. ಜ್ಯೋತಿಲಕ್ಷ್ಮಿ ತನ್ನ ಸೆರಗು ಹಿಡಿದು ಮುಂದೆ ಬಾಗಿದಳು.

“ಹೌದವ್ವ” ಎಂದಳು ಹಂಪಮ್ಮ, “ಆಗತೈತಿ.”